ಅಪ್ಪನ ಹೆಸರಿಗೆ ಎದ್ದವರು

“ಭೀಮಸೇನರಾವ್, ಉಳ್ಳೆ ವಾಂಗ” ಎಂದು ನರ್ಸ್ ತಮಿಳಿನಲ್ಲಿ ಒಳಗೆ ಕರೆದಾಗ ಬೆಚ್ಚಿದೆ. ಅದು ತೀರಿಹೋದ ನನ್ನ ಅಪ್ಪನ ಹೆಸರು. ವಡಪಳನಿಯ ಮನೋವೈದ್ಯರ ಬಳಿಗೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಮೂಲೆಯ ಬೆಂಚಿನಿಂದ ಎದ್ದವರು, ಪ್ರತಿವರ್ಷ ಅಪ್ಪನ ಶ್ರಾದ್ಧ ಮಾಡಿಸುವ ನಮ್ಮ ಪುರೋಹಿತರು. ಪಂಚೆ ಬಿಟ್ಟು ಪ್ಯಾಂಟು ತೊಟ್ಟಿದ್ದರು, ಹಣೆ ಬರಿದಾಗಿತ್ತು.

ನನ್ನನ್ನು ಕಂಡು ಅಲ್ಲೇ ನಿಂತರು. “ನನ್ನ ಹೆಸರು ಬರೆಸಿದ್ರೆ ನಾಳೆಯಿಂದ ಒಂದು ಮನೆಯವರೂ ಕರೆಯಲ್ಲಮ್ಮ. ದಿನಾ ಸತ್ತವರ ಹೆಸರೇ ಹೇಳಿ ಹೇಳಿ, ಅದೇ ಬಾಯಿಗೆ ಬಂತು. ಯಾರಿಗೂ ಹೇಳಬೇಡಿ.”

ಹೇಳಲಿಲ್ಲ. ಆ ವರ್ಷದ ಶ್ರಾದ್ಧದಲ್ಲಿ ಅಣ್ಣನಿಗೆ ಅಪ್ಪನ ಹೆಸರು ಹೇಳಿಕೊಡುವಾಗ ಅವರು ತಡವರಿಸಿದರು. “ಈಗ ಹೇಗಿದ್ದೀರಿ?” ಎಂದು ಒಂದು ಮಾತು ಕೇಳಬಹುದಿತ್ತು. ಎಂದಿನಂತೆ ಊಟ ಬಡಿಸಿ, ನಮಸ್ಕರಿಸಿ ಕಳಿಸಿಬಿಟ್ಟೆ.