ಗೇರುಬೀಜದ ಜಾಗ

ಸುಧಾಕರಣ್ಣ ವಾದಕ್ಕೆ ಕೂತರೆ ಮೊದಲು ಕಡಲೆಬೀಜದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ನನ್ನ ಟೀಪಾಯಿಯ ಮೇಲೆ ಬೀಜಗಳನ್ನು ಸಾಲಾಗಿ ಜೋಡಿಸಿ, ಸಾಲಿನ ಹಿಂದೆ ನಟ್ಟನಡುವೆ ಒಂದೇ ಒಂದು ಗೋಡಂಬಿ ಇಡುತ್ತಿದ್ದರು. ಇಟ್ಟ ಮೇಲೂ ಸಮಾಧಾನವಿಲ್ಲ. ತೋರುಬೆರಳಿನಿಂದ ಅದನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸುತ್ತಿದ್ದರು. “ಹಾಂ, ಈಗ ಮಾತಾಡಿ.”

ಆ ಗೋಡಂಬಿ ಅಂದರೆ ಅಮೆರಿಕನ್ ಫುಟ್‌ಬಾಲಿನ ಮಿಡ್ಲ್ ಲೈನ್‌ಬ್ಯಾಕರ್. ಮುಂದೆ ಗೋಡೆಯಂಥವರು ಎದುರಾಳಿಗಳಿಗೆ ಡಿಕ್ಕಿ ಕೊಡುತ್ತಿರುವಾಗ, ಅವರ ಬೆನ್ನ ಹಿಂದೆ ನಿಂತು ಆಟ ಯಾವ ಕಡೆ ಹೊರಳುತ್ತದೆಂದು ಓದುವವನು ಅವನು. ಓದಿದ್ದನ್ನು ತನ್ನವರಿಗೆ ಕೂಗಿ ಹೇಳುವವನೂ ಅವನೇ. ನಾವು ಗೋಡಂಬಿ ಅಂದರೆ ಸುಧಾಕರಣ್ಣ ಬಿಡುತ್ತಿರಲಿಲ್ಲ. “ಗೇರುಬೀಜ ಅನ್ನಿ ಮರಾಯ್ರೆ. ಗೋಡಂಬಿ ಪಾಯಸಕ್ಕೆ ಹಾಕೂದ್.”

ಕುಂದಾಪುರದ ಕಡೆಯವರು. ಹರೆಯದಲ್ಲಿ ಕಬಡ್ಡಿ ಆಡಿದವರು, ಅಲ್ಲಿಯೂ ನಡುವಿನವರೇ. ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ನಾರ್ತ್ ಕ್ರೀಕ್‌ನ ಒಂದು ಆಫೀಸಿನಲ್ಲಿ ಆಸ್ಪತ್ರೆಯ ಯಂತ್ರಗಳನ್ನು ಪರೀಕ್ಷಿಸುವ ಕೆಲಸ. ಸೀಸನ್ನಿನ ಭಾನುವಾರಗಳಲ್ಲಿ ಅಮೆರಿಕದ ಪೂರ್ವದ ಊರುಗಳ ಆಟ ನಮಗೆ ಬೆಳಿಗ್ಗೆಯೇ ಶುರುವಾಗುತ್ತಿತ್ತು. ಉಪ್ಪಿಟ್ಟಿನ ತಟ್ಟೆ ಹಿಡಿದು ನಾವು ಮೂವರು ನನ್ನ ಟೀವಿಯ ಮುಂದೆ ಸೇರುತ್ತಿದ್ದೆವು: ಅವರು, ನಗರದೊಳಗಿನ ಸೌತ್ ಲೇಕ್ ಯೂನಿಯನ್‌ನಿಂದ ಬರುತ್ತಿದ್ದ ರಘು, ನಾನು. ಆಟ ನೋಡಿದ್ದಕ್ಕಿಂತ ವಾದ ಮಾಡಿದ್ದೇ ಹೆಚ್ಚು. ವಾದ ಒಂದೇ: ಇವತ್ತಿನವರೆಗೆ ಆಡಿದ ಗೇರುಬೀಜಗಳಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು?

ರಘುವಿನ ಉತ್ತರ ಬದಲಾಗುತ್ತಲೇ ಇರಲಿಲ್ಲ. “ನಮ್ಮೂರೋನೇ ಸಾರ್. ಈಗ ಆಡ್ತಿರೋನು. ಅವನ ಮುಂದೆ ಯಾರಿದಾರೆ?”

“ಸಿಯಾಟಲ್ ಯಾವಾಗಿಂದ ನಿಮ್ಮೂರ್? ಮೊನ್ನೆವರೆಗೆ ಮೈಸೂರಲ್ದಾ?”

ಸುಧಾಕರಣ್ಣನ ಅಳತೆಗೋಲು ಬೇರೆ. ಈಗಿನ ಲೈನ್‌ಬ್ಯಾಕರನ ಹೆಲ್ಮೆಟ್ಟಿನೊಳಗೆ ಪುಟ್ಟ ಸ್ಪೀಕರ್ ಇರುತ್ತದೆ. ಹೊರಗಿನಿಂದ ಕೋಚ್ ಹೇಳಿದ್ದು ಅವನ ಕಿವಿಗೆ ಬೀಳುತ್ತದೆ. ಪ್ರತಿ ಸಲ ಚೆಂಡು ಆಟಕ್ಕೆ ಇಳಿಯುವ ಸ್ವಲ್ಪ ಮುಂಚೆ ಅದು ತಾನಾಗಿ ಬಂದ್ ಆಗುತ್ತದೆ. ಸುಧಾಕರಣ್ಣ ಹೇಳುತ್ತಿದ್ದರು: “ಸ್ಪೀಕರ್ ಬಂದ್ ಆದ್ಮೇಲೆ ಅವ ಎಂತ ಮಾಡ್ದ, ಅದ್ ಹೇಳ್. ಹಳಬರ ಕಿವಿಯೊಳಗೆ ಯಾರೂ ಇರ್ಲಿಲ್ಲ ಮರಾಯ. ಅವ್ರ ತಲೆ ಅವ್ರದ್ದೇ.” ಹಾಗೆ ಹೇಳಿ ಕಪ್ಪು ಬಿಳುಪು ಟೀವಿಯ ಕಾಲದ ಒಬ್ಬನಿಗೆ ಪಟ್ಟ ಕಟ್ಟುತ್ತಿದ್ದರು. ಅವನ ಆಟಗಳನ್ನು ವರ್ಷವಾರು ಹೇಳುತ್ತಿದ್ದರು.

ಈ ಮಾತನ್ನು ಅವರು ಯಾವ ವರ್ಷ ಮೊದಲು ಆಡಿದರೋ ನನಗೆ ಗೊತ್ತಿಲ್ಲ. ಆಮೇಲೆ ನಡೆದದ್ದಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ನಾನೇ ಹೊಲಿದು ಸೇರಿಸಿದ್ದೇನೋ ಎಂಬ ಅನುಮಾನ ಬರುತ್ತದೆ. ರಘುವನ್ನು ಕೇಳಿದೆ. ಆಡಿದ್ದು ಹೌದು ಎಂದ. ಅವನಿಗೂ ನಾನೇ ಹೇಳಿ ಹೇಳಿ ಅಭ್ಯಾಸವಾಗಿರಬಹುದು.

ಒಂದು ಸೀಸನ್ನಿನಲ್ಲಿ ಅವರು ಕಾರು ಬಿಟ್ಟು ನಡೆದು ಬರತೊಡಗಿದರು. ಸಕ್ಕರೆ ಕಾಯಿಲೆಗೆ ವಾಕಿಂಗ್ ಒಳ್ಳೆಯದು ಎಂದರು. ಮನೆಯೊಳಗೂ ತಂಡದ ಉಣ್ಣೆಟೋಪಿ ತೆಗೆಯುತ್ತಿರಲಿಲ್ಲ. ಕಿವಿ ಮುಚ್ಚುವಂತೆ ಕೆಳಗೆ ಎಳೆದಿರುತ್ತಿದ್ದರು. ಉತ್ತರಗಳು ತಡವಾಗಿ ಬರುತ್ತಿದ್ದವು, ಆದರೆ ಬರುತ್ತಿದ್ದವು. ಪ್ರಶ್ನೆ ಕೇಳಿದರೆ ಅದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳುವರು, ಛಾವಣಿ ನೋಡುವರು, ಆಮೇಲೆ ಹೆಸರು. ವಯಸ್ಸಿನ ಗತ್ತು ಎಂದುಕೊಂಡಿದ್ದೆವು.

ಆ ಚಳಿಗಾಲದ ಒಂದು ಬೆಳಿಗ್ಗೆ ರಘು ಕೆಣಕಿದ. “ಆಯ್ತು ಸಾರ್, ಮೊದಲನೇ ಜಾಗ ನಿಮ್ಮ ಹಳಬನಿಗೇ ಕೊಟ್ಟೆ. ಎರಡನೇದು?”

“ಎರಡನೇದ್ ಯಾರಿಗೆ...” ಸುಧಾಕರಣ್ಣ ಛಾವಣಿ ನೋಡಿದರು. ಗಂಭೀರವಾಗಿ, ಒಂದೊಂದೇ ಪದ ಇಟ್ಟು ಹೇಳಿದರು: “ಅಯ್ಯೋ, ಹಾಲ್ ಉಕ್ಕಿ ಹೋಯ್ತ್.”

ರಘು ಸೋಫಾದಿಂದ ಜಾರಿಬೀಳುವಷ್ಟು ನಕ್ಕ. ನಾನೂ ನಕ್ಕೆ. ಸುಧಾಕರಣ್ಣ ನಮ್ಮಿಬ್ಬರ ಮುಖ ನೋಡಿ, ಸ್ವಲ್ಪ ತಡೆದು ತಾವೂ ನಕ್ಕರು. ಮುಂದೆ ನಮ್ಮ ತಂಡದವರು ಚೆಂಡು ಕೈಜಾರಿಸಿದಾಗಲೆಲ್ಲ ರಘು ಕೂಗುತ್ತಿದ್ದ, “ಹಾಲ್ ಉಕ್ಕಿ ಹೋಯ್ತ್!”

ಅಂದು ಮಳೆ ಜೋರಾಗಿತ್ತೆಂದು ಅವರನ್ನು ಕಾರಿನಲ್ಲಿ ಮನೆಗೆ ಬಿಟ್ಟೆ. ಅವರ ಹೆಂಡತಿ ಗಿರಿಜಕ್ಕ ಬಾಗಿಲು ತೆಗೆದರು. ಮನೆ ತುಂಬ ಸೀದ ಹಾಲಿನ ವಾಸನೆ. ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪಿನಲ್ಲಿ ಅದೇ ಆಟ ಓಡುತ್ತಿತ್ತು. ಗಿರಿಜಕ್ಕನ ಒಂದು ಕಿವಿಯಿಂದ ಫೋನಿಗೆ ಇಯರ್‌ಫೋನಿನ ದಾರ ಇಳಿಬಿದ್ದಿತ್ತು. ಫುಟ್‌ಬಾಲ್ ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದ ಹೆಂಗಸು.

ಸುಧಾಕರಣ್ಣ ಒಳಗೆ ಹೋದ ಮೇಲೆ ಗಿರಿಜಕ್ಕ ತಗ್ಗಿದ ದನಿಯಲ್ಲಿ ಹೇಳಿದರು. ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಡಾಕ್ಟರು ಬೇಸಿಗೆಯಲ್ಲೇ ಹೇಳಿಯಾಗಿತ್ತಂತೆ: ಮರೆವಿನ ಕಾಯಿಲೆ, ಇಳಿಯುವುದಿಲ್ಲ, ಏರುತ್ತದೆ. ಕಬಡ್ಡಿಯಲ್ಲಿ ತಲೆಗೆ ಬಿದ್ದ ಪೆಟ್ಟುಗಳ ಬಗ್ಗೆ ಕೇಳಿದರಂತೆ. ಅದೇ ಕಾರಣ ಎಂದು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

“ಕೆಲ್ಸ ಹೋಯ್ತ್. ಕಾರ್ ಹೋಯ್ತ್. ಉಳ್ದದ್ದ್ ನಿಮ್ಮನೆ ಭಾನುವಾರ ಒಂದೇ. ಅಲ್ಲೂ ಅಯ್ಯೋ ಪಾಪ ಅಂದ್ರೆ ಅವ್ರ್ ಮತ್ತೆ ಬಪ್ದಿಲ್ಲ. ರಘುಗೂ ಹೇಳ್ಬೇಡಿ.”

ಹೇಳಲಿಲ್ಲ. ಉಳಿದ ಭಾನುವಾರಗಳಲ್ಲಿ ನಾನು ಪ್ರಶ್ನೆಗಳನ್ನು ನಿಧಾನವಾಗಿ, ಸುಧಾಕರಣ್ಣನ ಜೇಬಿನ ಫೋನಿಗೆ ಕೇಳಿಸುವಂತೆ ಕೇಳತೊಡಗಿದೆ. ಗಿರಿಜಕ್ಕ ಚೆನ್ನಾಗಿ ಆಡಿದರು. ಒಮ್ಮೆ ರಘುವಿನ ವಾದವನ್ನು ಎಷ್ಟು ಮೊನಚಾಗಿ ಮುರಿದರೆಂದರೆ, ಅವನು ಸುಧಾಕರಣ್ಣನ ಕೈ ಕುಲುಕಿದ.

ಕೊನೆಯ ಭಾನುವಾರವನ್ನು ರಘು ಈಗಲೂ ಹೀಗೆ ಹೇಳುತ್ತಾನೆ: ಸುಧಾಕರಣ್ಣ ಟೋಪಿ ತೆಗೆದರು, ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು, ಎಲ್ಲರಿಗಿಂತ ದೊಡ್ಡ ಗೇರುಬೀಜ ನನ್ನ ಗಿರಿಜ ಅಂದರು. ಕೇಳಿದವರ ಕಣ್ಣು ತುಂಬುತ್ತದೆ. ಸುಧಾಕರಣ್ಣನ ತಿಥಿಯ ದಿನ ಗಿರಿಜಕ್ಕನ ಮುಂದೆಯೂ ಹೇಳಿದ. ಅವರು ತಲೆಯಾಡಿಸಿದರು. ನಾನು ತಿದ್ದಲಿಲ್ಲ.

ನಾನು ಕಂಡದ್ದು ಇದು. ಕಡಲೆಬೀಜಗಳ ಸಾಲು ಸರಿಯಾಗಿಯೇ ಬಂತು. ಗೋಡಂಬಿ ಅವರ ಬೆರಳುಗಳ ನಡುವೆ ಉಳಿಯಿತು. ಸಾಲಿನ ಮುಂದೆ ಇಟ್ಟರು, ತೆಗೆದರು. ಪಕ್ಕದಲ್ಲಿ ಇಟ್ಟರು, ತೆಗೆದರು. “ಸೀಸನ್ ಮುಗೀತು ಸಾರ್, ತೀರ್ಪು ಕೊಡಿ,” ಎಂದು ರಘು ಟೀವಿಯ ದನಿ ಅಡಗಿಸಿದ. ಸುಧಾಕರಣ್ಣ ಟೋಪಿಯೊಳಗೆ ಕೈ ಹಾಕಿ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು. ಅಲ್ಲಿಯವರೆಗೆ ರಘು ಹೇಳುವುದು ನಿಜ. ಇನ್ನು ತನ್ನ ತಲೆಯೇ ಹೇಳಲಿ ಎಂದು ಕಿತ್ತರೋ, ಕಿವಿಯೊಳಗೆ ಮಾತಾಡುತ್ತಿರುವುದು ಯಾರೆಂದು ತಿಳಿಯದೆ ಕಿತ್ತರೋ, ಗೊತ್ತಿಲ್ಲ. ಬಾಯಿ ತೆರೆದರು. ಛಾವಣಿ ನೋಡಲಿಲ್ಲ, ನನ್ನನ್ನು ನೋಡಿದರು. ಬಾಯಿ ತೆರೆದೇ ಇತ್ತು.

ಆಗ ಕಡಲೆಬೀಜಗಳ ಪಕ್ಕದಿಂದ, ಇರುವೆ ಮಾತಾಡಿದಷ್ಟು ಸಣ್ಣಗೆ, ಗಿರಿಜಕ್ಕನ ದನಿ ಕೇಳಿಸಿತು. ಆ ಹಳಬನ ಹೆಸರು. ಮತ್ತೆ ಅದೇ ಹೆಸರು, ಬಿಡಿಸಿ ಬಿಡಿಸಿ. ಆಮೇಲೆ, “ಹ್ವಾಯ್, ಹೇಳಿ. ಹೇಳಿ ಮರಾಯ್ರೆ.”

ನಾವು ಮೂವರೂ ಆ ಇಯರ್‌ಫೋನನ್ನೇ ನೋಡುತ್ತ ಕೂತಿದ್ದೆವು. ಯಾರೂ ಕೈಗೆತ್ತಿಕೊಳ್ಳಲಿಲ್ಲ.