ಮುನ್ಯೇಕಾ ಎಂದರೆ ಮಣಿಕಟ್ಟು

ಜೆ.ಪಿ. ನಗರದಲ್ಲಿ ನಾನು ಕೆಲಸ ಮಾಡುವ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಆಗೀಗ ಹೊರದೇಶದವರೂ ಬರುತ್ತಾರೆ. ಹಾಗೆ ಬಂದವರು ಸ್ಪ್ಯಾನಿಷ್ ಮಾತಾಡುವ ಒಬ್ಬ ತಾಯಿ ಮತ್ತು ಆಕೆಯ ಆರು ವರ್ಷದ ಮಗಳು. ಮಗುವಿನ ಮೊಣಕೈಗೆ ಇಲ್ಲಿಯೇ ಆಪರೇಷನ್ ಆಗಿತ್ತು. ವ್ಯಾಯಾಮ ಮಾಡಿಸುವ ಕೆಲಸ ನನ್ನದು. ಅವರಿಗಾಗಿ ನಾನು ಕೋಣನಕುಂಟೆಯಿಂದ ಮೆಟ್ರೋದಲ್ಲಿ ಬರುವಾಗ ನಿಂತುಕೊಂಡೇ ಫೋನಿನಲ್ಲಿ ಸ್ಪ್ಯಾನಿಷ್ ಕಲಿಯತೊಡಗಿದೆ. ದಾರಿ ಚಿಕ್ಕದು, ದಿನಕ್ಕೆ ನಾಲ್ಕೈದು ಪದ. ಮಣಿಕಟ್ಟಿಗೆ ‘ಮುನ್ಯೇಕಾ’.

ಒಂದು ಶುಕ್ರವಾರ ಸಂಜೆ. ಆ ಮಗು ಅಂದಿನ ಹನ್ನೊಂದನೆಯ ರೋಗಿ. ನನ್ನ ಸೊಂಟವೇ ಬಿದ್ದುಹೋಗಿತ್ತು. ತಾಯಿ ಮಗಳನ್ನು ಕೂರಿಸಿ ಕೆಳಗಿನ ಮೆಡಿಕಲ್ ಸ್ಟೋರಿಗೆ ಹೋದಳು. ಮಗು ಇದ್ದಕ್ಕಿದ್ದಂತೆ ಅಳತೊಡಗಿತು. “ಮುನ್ಯೇಕಾ! ಮುನ್ಯೇಕಾ!”

ಸದ್ಯ, ಗೊತ್ತಿರುವ ಪದ. ಮಣಿಕಟ್ಟನ್ನು ಒತ್ತಿ ನೋಡಿದೆ, ತಿರುಗಿಸಿದೆ, ಐಸ್ ಇಟ್ಟೆ. ಅವಳು ಕೈ ಕಿತ್ತುಕೊಂಡು ಬಾಗಿಲು ತೋರಿಸಿದಳು. “ಆಯ್ತು ಪುಟ್ಟಾ, ಈಗ ಸರಿಹೋಗತ್ತೆ,” ಎಂದು ಮತ್ತೆ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಅಳು ನಿಲ್ಲಿಸಿ ಗೋಡೆ ನೋಡುತ್ತ ಕುಳಿತಳು. ‘ಮಣಿಕಟ್ಟಿನ ನೋವು ಕಡಿಮೆಯಾಗಿದೆ’ ಎಂದು ಫೈಲಿನಲ್ಲಿ ಬರೆದೆ.

ತಾಯಿ ಬಂದು, ಮಗಳ ಮಾತು ಕೇಳಿ ಹಣೆ ಚಚ್ಚಿಕೊಂಡಳು. ಫೋನಿನಲ್ಲಿ ಒಂದು ಫೋಟೋ ತೋರಿಸಿದಳು: ಮಗುವಿನ ತೋಳಲ್ಲಿ ಬಟ್ಟೆಯ ಗೊಂಬೆ. ಗೊಂಬೆಗೂ ಅದೇ ಪದವಂತೆ. ಬಂದ ಆಟೋದಲ್ಲೇ ಅದು ಉಳಿದುಹೋಗಿತ್ತು. ಸೋತು ಸುಮ್ಮನಾದವಳನ್ನು ನೋವು ಇಳಿದವಳೆಂದು ತಿಳಿದಿದ್ದೆ. ಬರೆದದ್ದನ್ನು ಹೊಡೆದುಹಾಕಿದೆ.

ತಾಯಿ ಆಟೋ ಬುಕ್ ಮಾಡಿದ್ದ ಆ್ಯಪ್‌ನಿಂದಲೇ ಡ್ರೈವರಿಗೆ ಫೋನ್ ಮಾಡಿದೆ.

“ಹೌದು ಮೇಡಂ, ಗೊಂಬೆ ಇಲ್ಲೇ ಇದೆ. ಆದ್ರೆ ನಾನು ಮಡಿವಾಳದಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿದೀನಿ. ನಾಳೆ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಹತ್ರ ಬರ್ತೀನಿ.”

“ಮರೀಬೇಡಿ ಅಣ್ಣ, ಮಗು ತುಂಬಾ ಅಳ್ತಿತ್ತು.”

“ನನ್ನ ಪಕ್ಕದಲ್ಲೇ ಇಟ್ಕೊಂಡಿದೀನಿ ಬಿಡಿ.”

ಶನಿವಾರ ನನಗೆ ರಜೆ. ಮಲಗಿಬಿಡೋಣ ಅನ್ನಿಸಿದರೂ ಎದ್ದು ಹೋದೆ. ಅವನು ಮುಕ್ಕಾಲು ಗಂಟೆ ತಡವಾಗಿ ಬಂದ. ಗೊಂಬೆಯನ್ನು ಹೊಸ ಕವರಿನಲ್ಲಿ ಸುತ್ತಿ ತಂದಿದ್ದ.

ಸೋಮವಾರ ಕೊಟ್ಟಾಗ ಮಗು ಗೊಂಬೆಯ ಕತ್ತನ್ನು ಮೂಸಿ ನೋಡಿತು, ನನ್ನನ್ನು ನೋಡಲಿಲ್ಲ. ನಾನು ಕೈ ಚಾಚಿದರೆ ತನ್ನ ಕೈಯನ್ನು ಬೆನ್ನ ಹಿಂದೆ ಅಡಗಿಸಿತು. ಬಲವಂತ ಮಾಡುವ ತ್ರಾಣ ನನಗಿರಲಿಲ್ಲ. ಅಂದು ವ್ಯಾಯಾಮವಿಲ್ಲದೆ ಕಳಿಸಿದೆ.

ಬುಧವಾರ ಅವಳೇ ಗೊಂಬೆಯನ್ನು ಹಾಸಿಗೆಯ ಮೇಲೆ ಕೂರಿಸಿ ತೋಳು ಮುಂದೆ ಚಾಚಿದಳು. ನಿಧಾನವಾಗಿ ಮಡಿಸಿದೆ. ಹಿಂದಿನ ವಾರಕ್ಕಿಂತ ತುಸು ಹೆಚ್ಚೇ ಬಾಗಿತು. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.