ಕುದುರಿ ಸಲುವಾಗಿ ಬಿಟ್ಟ ಮಟನ್

ನಮ್ಮಪ್ಪ ವಿಜಾಪುರದಾಗ ಟಾಂಗಾ ಹೊಡೀತಿದ್ದ. ಸ್ಟೇಶನ್ನಿಂದ ಸಿದ್ಧೇಶ್ವರ ಗುಡಿ ತನಕ, ಗುಡಿಯಿಂದ ಮತ್ತ ಸ್ಟೇಶನ್ನಿಗೆ. ಎಪ್ಪತ್ತರ ದಶಕದ ಮಾತಿದು, ಟಾಂಗಾದವರಿಗೆ ಊರಾಗ ಇನ್ನೂ ಮರ್ಯಾದಿ ಇತ್ತು. ಅಪ್ಪನ ಹತ್ರ ಇದ್ದದ್ದು ಒಂದ ಒಂದು ಬಿಳಿ ಹೆಣ್ಣುಗುದುರಿ, ಅದಕ್ಕೂ ವಯಸ್ಸಾಗಿತ್ತು. ಅದನ್ನ ಅಂವ ಪ್ರೀತೀಲೆ "ಅವ್ವಾ" ಅಂತ ಕರೀತಿದ್ದ. ಹೊಟ್ಟಿಲೆ ಹುಟ್ಟಿದ ಮಗಳು ನಾನು, ನನಗ ಮಾತ್ರ "ಲೇ". ಹಿಂಗಾಗಿ ನನಗೂ ಆ ಕುದುರಿಗೂ ಅಷ್ಟಕ್ಕಷ್ಟ ಇತ್ತು.

ಅಪ್ಪನ ಮೈ ಬಗ್ಗೆ ಹೇಳಬೇಕಂದ್ರ, ಅಂವ ಟಾಂಗಾ ಏರಿ ಮುಂದ ಕುಂತಕೂಡಲೇ ಹಿಂದ ಕುಂತ ಸವಾರಿಗಳು ಒಂದು ಗೇಣು ಮ್ಯಾಲ ಏಳತಿದ್ರು. ಅದನ್ನ ಅಂವ ದೊಡ್ಡಸ್ತಿಕಿ ಅಂತ ತಿಳಕೊಂಡಿದ್ದ. ಆ ಕಾಲಕ್ಕ ಹೊಟ್ಟಿ ಇದ್ದಾವ ಉಂಡು ತಿಂದು ಸುಖವಾಗಿ ಇದ್ದಾವ ಅಂತ ಅರ್ಥ. ತೂಕ ಇಳಿಸೂದು ಅನ್ನೂ ಮಾತ ನಮ್ಮ ಓಣ್ಯಾಗ ಯಾರೂ ಕೇಳಿರಲಿಲ್ಲ.

ಒಂದಿನ ಕುದುರಿ ಮುಂಗಾಲು ಊರಲಿಕ್ಕೆ ಒಲ್ಲೆ ಅಂತು. ದನದ ದವಾಖಾನಿ ಡಾಕ್ಟರು ಬಂದು ಕಾಲು ಒತ್ತಿ ನೋಡಿ, ಆಮ್ಯಾಲ ಅಪ್ಪನ್ನ ಅಡಿಯಿಂದ ಮುಡಿ ತನಕ ನೋಡಿದ್ರು. "ಕಾಲಿನ ಗಂಟು ಬಾತದರಿ. ಹಿಂದ ಕುಂತವರ ಭಾರ ಗಾಲಿ ಮ್ಯಾಲ ಬೀಳತದ. ನೀವು ಮುಂದ ಕುಂಡ್ರತೀರಿ, ನಿಮ್ಮ ಭಾರ ಎಲ್ಲಾ ಕುದುರಿ ಮ್ಯಾಲ. ಔಷಧ ಕೊಡತೇನಿ, ಆದ್ರ ನೀವು ಇಳೀಲಿಲ್ಲಂದ್ರ ಅದು ದೀವಾಳಗಿ ತನಕ ನಿಲ್ಲಾಂಗಿಲ್ಲ" ಅಂದ್ರು. ಇಳೀರಿ ಅಂದದ್ದು ತೂಕ. ಕುಂಟ ಕುದುರಿನ ಯಾರು ಕೊಳ್ಳತಾರ, ಕೊಂಡು ಏನು ಮಾಡತಾರ ಅನ್ನೂದು ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ಅಪ್ಪ ಆವತ್ತು ಕುದುರಿ ಬಾಜು ನೀರಿನ ಬಾದ್ಲಿ ಬೋರಲು ಹಾಕ್ಕೊಂಡು ಕುಂತ, ಊಟಕ್ಕ ಕರದ್ರೂ ಬರಲಿಲ್ಲ. ಅಪ್ಪ ಊಟ ಬಿಟ್ಟದ್ದು ನಾ ನೋಡಿದ್ದು ಅದ ಮೊದಲು.

ನಮ್ಮವ್ವ ತನ್ನ ಲೆಕ್ಕ ತಾ ಹಾಕಿದ್ಲು. ಈ ಮೈಮ್ಯಾಲ ಬಂದದ್ದೆಲ್ಲಾ ಮಟನ್ನ, ಮಟನ್ ನಿಂತ್ರ ಮೈನೂ ನಿಲ್ಲತದ. "ನಾಳಿಯಿಂದ ಈ ಮನ್ಯಾಗ ಮಟನ್ ಇಲ್ಲರಿ" ಅಂದ್ಲು. ಅಪ್ಪ ಕುದುರಿ ಕಡೆ ನೋಡಿ ಹೂಂ ಅಂದ.

ಹೂಂ ಅನ್ನೂದು ಸರಳ, ಉಣ್ಣೂದು ಬ್ಯಾರೆ. ಖೈಮಾದ ಬದ್ಲಿ ಅವ್ವ ಕಡ್ಲಿಹಿಟ್ಟಿನ ಝುಣಕ ಮಾಡಿದ್ಲು, ಕಾಳಿಜದ ಬದ್ಲಿ ಬದನಿಕಾಯಿ. ಮಸಾಲಿ ಮಾತ್ರ ಮಟನ್ನಿಗೆ ಹಾಕೂದ, ಅದ ಕೊಬ್ಬರಿ, ಅದ ಲವಂಗ. ಓಣಿ ತುಂಬ ವಾಸನಿ ಹೋಗಿ ಬಾಜೂ ಮನಿಯವರು ಬಟ್ಟಲ ಹಿಡಕೊಂಡು ಬಂದು, ಒಳಗ ಇಣುಕಿ, ಹಂಗ ತಿರುಗಿ ಹೋಗತಿದ್ರು. ಎಲುವಿನ ಬದ್ಲಿ ನುಗ್ಗಿಕಾಯಿ ಹಾಕಿದ ದಿನ ಅಪ್ಪ ಅದನ್ನ ಕಡದು, ಹೀರಿ, ತಾಟಿನ ಅಂಚಿಗೆ ಇಟ್ಟು, "ಎಲವು ಹೀರಿದ್ರ ಏನರ ಬರತದ. ಇದನ್ನ ಹೀರಿದ್ರ ಹಲ್ಲಾಗ ನಾರು ಬರತದ" ಅಂದ. ಅಷ್ಟು ದುಃಖ ಅಂವಾ ಅವರವ್ವ ಸತ್ತಾಗೂ ಮಾಡಿರಲಿಲ್ಲ.

ಅವ್ವನ ಕರಳು ಚುರ್ ಅಂತು. ಗಂಡ ಉಣವಲ್ಲ ಅಂತ ಬದನಿಕಾಯಿ ಹೊಟ್ಟ್ಯಾಗ ಶೇಂಗಾ ಪುಡಿ, ಎಳ್ಳು, ಗುರೆಳ್ಳು ತುಂಬಿ ಕುಸುಬಿ ಎಣ್ಣ್ಯಾಗ ಮುಳುಗಿಸಿದ್ಲು. ರೊಟ್ಟಿ ಮ್ಯಾಲ ಶೇಂಗಾ ಚಟ್ನಿ, ಚಟ್ನಿ ಮ್ಯಾಲ ಬೆಣ್ಣಿ. ಇದ್ರಾಗ ಎಲ್ಲೂ ಮಟನ್ ಇಲ್ಲ ಅನ್ನೂದ ಆಕಿಗೆ ಸಮಾಧಾನ. ಅಪ್ಪನೂ ಮಟನ್ ಬಿಟ್ಟ ಸಂಕಟಕ್ಕ ಮೊದಲಿಗಿಂತ ಎರಡು ರೊಟ್ಟಿ ಹೆಚ್ಚಿಗೆ ಹೊಡಿಯಾಕತ್ತ.

ಇಷ್ಟಕ್ಕ ನಿಂತಿದ್ರೂ ನಡೀತಿತ್ತು. ಅಷ್ಟರಾಗ ಬಬಲೇಶ್ವರದಾಗ ಸೋದರತ್ತಿ ಮೊಮ್ಮಗನ ಜವಳ ಬಂತು. ಜವಳ ಅಂದ್ರ ಕೂಸಿನ ಕೂದಲ ತಗಸೂದು, ನೆಪಕ್ಕ. ಖರೇ ಕಾರ್ಯಕ್ರಮ ಕುರಿದು. ಪಂಗ್ತಿಗೆ ಕುಂತ ಅಪ್ಪನ ತಾಟಿಗೆ ಅತ್ತಿ ದೊಡ್ಡ ದೊಡ್ಡ ತುಂಡು ಹಾಕಲಿಕ್ಕೆ ಬಂದ್ಲು. ಅಪ್ಪ ತಾಟಿನ ಮ್ಯಾಲ ಅಡ್ಡ ಕೈ ಹಿಡದು, "ಬ್ಯಾಡಕ್ಕ, ನಾ ಬಿಟ್ಟೇನಿ" ಅಂದ. ಪಂಗ್ತಿಗೆ ಪಂಗ್ತಿನ ಕೈ ತಡದು ಇವನ ಕಡೆ ನೋಡಿತು.

ಯಾಕ ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ಕುದುರಿ ಕುಂಟತದ ಅಂತ ನಾಲ್ಕು ಮಂದ್ಯಾಗ ಅಂದ್ರ ಟಾಂಗಾ ಹತ್ತವರು ಯಾರು? ಅಂವಾ ತಾಟಿನಾಗಿನ ಬರೇ ಅನ್ನ ನೋಡಿ ಒಂದು ದೊಡ್ಡ ಉಸುರು ಬಿಟ್ಟ. ಎದುರಿಗೆ ತಿಕೋಟಾದಿಂದ ಬಂದ ಒಬ್ಬ ಮುದುಕ ಕುಂತಿದ್ದ, ಅತ್ತಿ ಬೀಗರ ಪೈಕಿ, ಆ ಊರ ಭಜನಿ ಮೇಳದ ಹಿರಿಯ. "ಮಾಲಿ ಹಾಕ್ಕೊಂಡಿಯೇನಪಾ ತಮ್ಮಾ?" ಅಂದ.

ನಮ್ಮ ಕಡೆ ಪಂಢರಪುರದ ವಿಠೋಬನ ತುಳಸಿ ಮಾಲಿ ಹಾಕ್ಕೊಂಡವರು ಮಟನ್ ಬಿಡತಾರ. ಮಟನ್ ಉಣ್ಣೂ ಮನಿತನದಾಗ ಒಬ್ಬ ಬಿಟ್ಟಾನಂದ್ರ ಬ್ಯಾರೆ ಕಾರಣ ಯಾರ ತಲ್ಯಾಗೂ ಬರಾಂಗಿಲ್ಲ. ಅಪ್ಪ ಹೌದು ಅನಲಿಲ್ಲ, ಅಲ್ಲ ಅನಲಿಲ್ಲ, ಇನ್ನೊಂದು ಉಸುರು ಬಿಟ್ಟ. ಅದು ಕುರಿ ಸಾರಿನ ವಾಸನಿಗೆ ಬಂದ ಉಸುರು ಅಂತ ನನಗ ಗೊತ್ತಿತ್ತು. ಮುದುಕಗ ಅದರಾಗ ಭಕ್ತಿ ಕಂಡಿತು.

ನಾವು ಬಸ್ಸು ಹಿಡದು ವಿಜಾಪುರ ಮುಟ್ಟೂದರಾಗ ಸುದ್ದಿ ನಮಗಿಂತ ಮುಂದ ಮುಟ್ಟಿತ್ತು. ಏಕಾದಶಿಗೆ ತಿಕೋಟಾಕ್ಕ ಕರೆ ಬಂತು. ಅಲ್ಲಿ ಮುದುಕ ತಾನ ಕೈಯಾರ ಅಪ್ಪನ ಕೊಳ್ಳಾಗ ಮಾಲಿ ಹಾಕಿದ. ಕೊಳ್ಳು ದಪ್ಪಾಗಿ ಮಾಲಿ ಸಾಲಲಿಲ್ಲ, ದಾರ ಜೋಡಸಬೇಕಾತು. ಆಮ್ಯಾಲ ಉಪವಾಸ ಸುರು ಆತು. ಆ ಉಪವಾಸ ನೀವು ನೋಡಬೇಕಾಗಿತ್ತು. ತುಪ್ಪ ಸುರಿಯೂ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಕೆನಿಮೊಸರು, ಬಾಳಿಹಣ್ಣು, ಒಣದ್ರಾಕ್ಷಿ. ಮರುದಿನ ಉಪವಾಸ ಬಿಡೂದಕ್ಕ ಹೋಳಗಿ. ವಿಠೋಬ ಯಾಕ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಾನ ಅಂತ ಅವತ್ತು ನನಗ ತಿಳೀತು. ಹಂಗ ಉಂಡ ಮ್ಯಾಲ ಯಾರಿಗೂ ಬಗ್ಗಲಿಕ್ಕೆ ಬರಾಂಗಿಲ್ಲ.

ಮಾಲಿ ಹಾಕಿದ ಟಾಂಗಾದವ ಅಂತ ಸ್ಟೇಶನ್ನಿನಾಗ ಮಂದಿ ಇವನ್ನ ಹುಡುಕಿ ಹತ್ತಾಕತ್ರು. ಗುಡಿಯಿಂದ ಬರೂ ಹೆಣಮಕ್ಕಳು ಇಳಿಯೂ ಮುಂದ ಪ್ರಸಾದ ಕೊಡತಿದ್ರು, ಮತ್ತ ಸಿಹಿ. ಪ್ರಸಾದ ಒಲ್ಲೆ ಅನ್ನಾಕ ಬರತದೇನು? ಅವ್ವನೂ ಓಣ್ಯಾಗ ಎದಿ ಸೆಟಸಿ ಅಡ್ಡಾಡಾಕತ್ಲು. ಡಾಕ್ಟರು ಕೊಟ್ಟ ಎಣ್ಣಿ ಹಚ್ಚಿ ಕುದುರಿ ಕಾಲಿನ ಬಾವು ಒಂಚೂರು ಇಳದಿತ್ತು. ಅಷ್ಟಕ್ಕ ಎಲ್ಲಾರೂ ಮಟನ್ ಬಿಟ್ಟ ಫಲ ಅಂತ ನಂಬಿದ್ವಿ.

ಒಂದಿನ ಅಡತಿ ಅಂಗಡ್ಯಾಗ ಜೋಳದ ಚೀಲ ತೂಗೂ ತಕ್ಕಡಿ ಮ್ಯಾಲ ಅಪ್ಪ ಖುಷೀಲೆ ನಿಂತ. ಹಮಾಲರು ನಕ್ಕಿದ್ದು ರಸ್ತಾಕ್ಕ ಕೇಳಿಸ್ತು. ಮೊದಲಿಗಿಂತ ಹೆಚ್ಚಾಗಿದ್ದ. ಅವ್ವ ಮಾತ್ರ "ಅವರ ತಕ್ಕಡಿ ಕೆಟ್ಟದ" ಅಂತ ಸಾಧಿಸಿದ್ಲು.

ತಕ್ಕಡಿ ಕೆಟ್ಟಿರಲಿಲ್ಲ ಅಂತ ಕುದುರಿ ಹೇಳಿತು. ಗುಡಿ ಕಡೆ ಹೋಗೂ ಏರಿನಾಗ ಮೊಣಕಾಲೂರಿ ಕುಸದು ಬಿತ್ತು. ನಾನೂ ಟಾಂಗಾದಾಗ ಇದ್ದೆ, ಇಬ್ಬರು ಹೆಣಮಕ್ಕಳೂ ಇದ್ರು, ಎಲ್ಲಾರೂ ಮುಂದ ಜಾರಿದ್ವಿ. ಅಪ್ಪ ಧೂಳಾಗ ಕುಂತು ಅದರ ತಲಿ ತೊಡಿ ಮ್ಯಾಲ ಇಟ್ಕೊಂಡ. "ಅವ್ವಾ, ಏಳವ್ವಾ" ಅಂತ ಸಣ್ಣ ಹುಡುಗರಂಗ ಅಳಾಕತ್ತ. ನಡುರಸ್ತಾದಾಗ ಸುತ್ತ ನಿಂತ ಮಂದಿಗೆ ತಾನಾಗಿ ಹೇಳಿದ: "ನಾ ದೇವರ ಸಲುವಾಗಿ ಬಿಡಲಿಲ್ಲರಿ, ಇದರ ಸಲುವಾಗಿ ಬಿಟ್ಟೆ. ಬಿಟ್ಟದ್ದನ್ನೆಲ್ಲಾ ಸಾಬೂದಾಣ್ಯಾಗ ಮತ್ತ ತಿಂದ್ನಿ." ಆ ಹೆಣಮಕ್ಕಳಿಗೆ ಏನು ತಿಳೀತೋ ಏನೋ, ಸೆರಗಿಲೆ ಕಣ್ಣು ಒರಸ್ಕೊಂಡು ಅವನ ಕಾಲಿಗೆ ಬಿದ್ರು. ನನಗ ಅಳು ಬರಬೇಕೋ ನಗು ಬರಬೇಕೋ ತಿಳೀಲಿಲ್ಲ, ಎರಡೂ ಬಂತು.

ಕುದುರಿ ಎದ್ದಿತು, ಪುಣ್ಯಾ. ಮನ್ಯಾಗ ಕಟ್ಟಿ ಮೇಯಿಸಿದ್ವಿ. ಮತ್ತ ಟಾಂಗಾ ಹೂಡಿದ ದಿನದಿಂದ ಅಪ್ಪ ಮ್ಯಾಲ ಏರಲಿಲ್ಲ. ಲಗಾಮು ಹಿಡಕೊಂಡು ಬಾಜುಕ ನಡೀತಿದ್ದ, ಬಿಸಲಾಗ, ಏದುಸುರು ಬಿಟ್ಕೊಂತ. ಉಳದ ಟಾಂಗಾದವರು ಮೊದಮೊದಲು ಚ್ಯಾಷ್ಟಿ ಮಾಡಿದ್ರು. ಹೊಟ್ಟಿ ಅನ್ನೂದು ಎಷ್ಟು ಇಳೀತಂದ್ರ, ಅವ್ವ ಅಂಗಿಗೆ ಹೊಲಿಗಿ ಮ್ಯಾಲ ಹೊಲಿಗಿ ಹಾಕಿ ಸಣ್ಣ ಮಾಡಿದ್ಲು. ಆದ್ರ ಮಟನ್ ತಿರುಗಿ ಬರಲಿಲ್ಲ. ಹಾಕ್ಕೊಂಡ ಮಾಲಿ ತಗಿಯಾಕ ಬರಾಂಗಿಲ್ಲ ಅಂತ ತಿಕೋಟಾದ ಮುದುಕ ಖಡಾಖಂಡಿತ ಹೇಳಿಬಿಟ್ಟ. ತಿನ್ನಬಾರದಾಗ ತಿಂದು, ತಿನ್ನಬಹುದಾದಾಗ ಬಾಯಿ ಕಟ್ಟಿಕೊಂಡ ನಮ್ಮಪ್ಪ.

ವರ್ಷ ಕಳೀತು. ಡಾಕ್ಟರು ಕುದುರಿ ಕಾಲು ಒತ್ತಿ ನೋಡಿ, ಅಪ್ಪನ್ನೂ ನೋಡಿ, "ಇನ್ನ ಆರಾಮ ಕುಂಡ್ರಿರಿ" ಅಂದ್ರು. ಮರುದಿನ ಮುಂಜಾನಿ ಅಪ್ಪ ಸೀಟಿಗೆ ಹೊಸಾ ಗೋಣಿತಟ್ಟು ಹಾಸಿದ. ಹೊಸಾ ಮದುಮಗನಂಗ ಏರಿ ಕುಂತು ಲಗಾಮು ಎಳದ. ಕುದುರಿ ಹೆಜ್ಜಿ ಇಡಲಿಲ್ಲ. ಬಾಯಿಲೆ ಚ್ಚ ಚ್ಚ ಅಂದ, ಬೇಡಿಕೊಂಡ, ಬೈದ. ಅದು ಕುತ್ತಿಗಿ ತಿರುಗಿಸಿ, ವರ್ಷಪೂರ್ತಿ ಅಪ್ಪ ನಡದ ಬಾಜು ನೋಡಿತು. ಅಲ್ಲಿ ಅಂವ ಇರಲಿಲ್ಲ. ಅದು ಅಲ್ಲೇ ನೋಡಿಕೊಂತ ನಿಂತಿತು.

ಅಪ್ಪ ಲಗಾಮು ಸಡಲ ಬಿಟ್ಟ. ಆಮ್ಯಾಲ ಇಳದು ಅದರ ಬಾಜುಕ ಹೋಗಿ ನಿಂತ. ಕುದುರಿ ನಡೀತು. ಅದು ಸಾಯೂ ತನಕ ನಮ್ಮಪ್ಪ ಆ ಸೀಟಿನ ಮ್ಯಾಲ ಮತ್ತ ಕುಂಡ್ರಲಿಲ್ಲ.